ಟೀಸಿ ಅತ್ತೆ ಹಂಚಿದ ಮೂಗುಗಳು

ಕೆನಡಾದ ಕೇಪ್ ಬ್ರೆಟನ್ನಿನ ಆ ಬಂದರೂರಿನಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಕೇಳಿ ಪ್ರಯೋಜನವೂ ಇಲ್ಲ. ಮುಕ್ಕಾಲು ಊರು ಮ್ಯಾಕ್‌ಲೆಲನ್ ಮನೆತನ, ಅದರಲ್ಲಿ ಒಂಬತ್ತು ಜನ ಡಂಕನ್. ಅದಕ್ಕೇ ಉಪ್ಪು ಡಂಕನ್, ಎರಡು ಟೋಪಿ ಡಂಕನ್, ಸತ್ತುಬದುಕಿದ ಡಂಕನ್. ಅಲ್ಲಿ ನಡೆಯುವುದು ಒಂದೇ ಪ್ರಶ್ನೆ: "ನಿಮ್ಮಪ್ಪ ಯಾರು?" ಇನ್ನೂ ಬಾಯಿ ಬಾರದ ಕೂಸುಗಳ ಪರವಾಗಿ ಇದಕ್ಕೆ ಉತ್ತರ ಕೊಡುವ ಹಕ್ಕು ಟೀಸಿ ಅತ್ತೆಯದು.

ಟೀಸಿ ಅತ್ತೆಗೆ ಎಂಬತ್ತನಾಲ್ಕು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಜ್ಞಾನಸ್ನಾನದ ಭಾನುವಾರ ಆಕೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಮೂಗು ಇಂಥವರದು, ಹಣೆ ಇಂಥವರದು ಎಂದು ತೀರ್ಪು ಕೊಡುತ್ತಾಳೆ. ಅರವತ್ತು ವರ್ಷದಲ್ಲಿ ಒಂದು ತೀರ್ಪೂ ತಪ್ಪಿಲ್ಲವೆಂದು ಊರು ನಂಬಿದೆ. ತಪ್ಪಿದೆ ಎನ್ನುವ ಗಂಡೆದೆ ಯಾರಿಗಿದೆ?

ಈ ಭಾನುವಾರ ಆ ತೊಡೆ ಏರಬೇಕಾದವಳು ಆಕೆಯ ಅಣ್ಣನ ಮಗ ರೋರಿಯ ಕೂಸು, ಏಳು ವಾರದ ಮೋರಾಗ್. ಕೂಸಿನ ತಾಯಿ ಇಶ್‌ಬೆಲ್ ಶಾಲೆಯ ಬಸ್ಸು ಓಡಿಸುವವಳು. ಹಿಮದಲ್ಲಿ ಬಸ್ಸು ಜಾರಿದರೂ ಶಿಳ್ಳೆ ಹೊಡೆಯುತ್ತಾ ಸರಿದಾರಿಗೆ ತರುವವಳು. ಅಂಥವಳು ಅಂದು ಬೆಳಿಗ್ಗೆಯಿಂದ ಮೂರು ಸಲ ಓಟ್‌ಕೇಕ್ ಕರಕಲು ಮಾಡಿದ್ದಳು. ಯಾಕೆಂದು ಗಂಡನಿಗೆ ಬಿಟ್ಟರೆ ಊರಿಗೆ ಗೊತ್ತಿರಲಿಲ್ಲ. ಮೋರಾಗ್ ರೋರಿಯ ಮಗಳು ಹೌದು, ಇಶ್‌ಬೆಲ್ ಒಂಬತ್ತು ತಿಂಗಳು ಹೊತ್ತು ಹೆತ್ತದ್ದೂ ಹೌದು, ಆದರೆ ಅಂಡಾಣು ಇನ್ನೊಬ್ಬಳದು.

ಅವಳಿಗೆ ನಲವತ್ತೊಂದಾಗಿದ್ದಾಗ ಹ್ಯಾಲಿಫ್ಯಾಕ್ಸಿನ ಡಾಕ್ಟರು, ಗರ್ಭಕೋಶಕ್ಕೆ ಏನೂ ಆಗಿಲ್ಲ, ಅಂಡಾಣುಗಳಿಗೆ ವಯಸ್ಸಾಗಿದೆ, ದಾನದ ಅಂಡಾಣುವೇ ಗತಿ ಎಂದಿದ್ದರು. ಅದಕ್ಕೂ ಮೊದಲು ಗಂಡಹೆಂಡಿರು ಒಬ್ಬ ಸಮಾಲೋಚಕಿಯ ಮುಂದೆ ಕೂರಬೇಕಿತ್ತು. ಆಕೆ ಮೆತ್ತಗಿನ ದನಿಯ ಗಟ್ಟಿ ಹೆಂಗಸು.

"ಒಂದೇ ಸಲಕ್ಕೆ ನಿಲ್ಲುತ್ತೆ ಅಂದ್ಕೋಬೇಡಿ. ದಾನಿ ಮನೆತನದಲ್ಲಿ ಏನೇನು ಕಾಯಿಲೆ ಇದೆ ನೋಡ್ಕೊಳ್ಳಿ. ಮುಂದೆ ಮಗು ಅವಳ ಹೆಸರು ಕೇಳಿದ್ರೆ ಸಿಗುತ್ತಾ ಅನ್ನೋದನ್ನ ಕಾಗದದಲ್ಲಿ ಖಾತ್ರಿ ಮಾಡ್ಕೊಳ್ಳಿ. ಮತ್ತೆ ಇಶ್‌ಬೆಲ್, ನಿಮ್ಮ ಮುಖ ಅದಕ್ಕೆ ಬರಲ್ಲ ಅನ್ನೋ ದುಃಖ ಇರುತ್ತೆ. ಅದನ್ನ ಈಗಲೇ ಅತ್ತುಬಿಡಿ. ಮಗುವಿಗೆ ಮಾತು ಬರೋಕೆ ಮುಂಚೆನೇ ಹೇಳೋಕೆ ಶುರು ಮಾಡಿ. ಅದಕ್ಕೆ ಅರ್ಥ ಆಗದಿದ್ರೂ ನಿಮ್ಮ ನಾಲಿಗೆಗೆ ಅಭ್ಯಾಸ ಆಗುತ್ತೆ."

ಇಬ್ಬರೂ ಕೋಲೆಬಸವನ ಹಾಗೆ ತಲೆಯಾಡಿಸಿದರು. ಆಮೇಲೆ ದಾನಿಗಳ ಪಟ್ಟಿ ಬಂತು. ಸೀಗಡಿ ಹಿಡಿಯುವ ರೋರಿ ಅದನ್ನು ದೋಣಿಯ ಇಂಜಿನ್ ಕೊಳ್ಳುವವನ ಗತ್ತಿನಲ್ಲಿ ಓದಿದ.

"ನೋಡೇ, ಇವಳಜ್ಜಿ ತೊಂಬತ್ತಾರು ವರ್ಷ ಬದುಕಿದ್ಲಂತೆ. ಗಟ್ಟಿ ಇಂಜಿನ್ನು!"

ಇಶ್‌ಬೆಲ್ ಆರಿಸಿದ್ದೂ ಅವಳನ್ನೇ, ಅಮೆರಿಕದ ಮಿನೆಸೋಟಾದವಳನ್ನು, ಆದರೆ ಅಜ್ಜಿಗಾಗಿ ಅಲ್ಲ. ನಿಮ್ಮ ಬಗ್ಗೆ ಬರೆಯಿರಿ ಎಂದಿದ್ದ ಜಾಗದಲ್ಲಿ ಆ ಮಹಾತಾಯಿ "ಟ್ರಂಬೋನ್ ಊದುತ್ತೇನೆ, ಚೆನ್ನಾಗಿ ಅಲ್ಲ" ಎಂದು ಬರೆದಿದ್ದಳು. ಎರಡು ವರ್ಷದಲ್ಲಿ ಇಶ್‌ಬೆಲ್ ಮೊದಲ ಸಲ ನಕ್ಕಿದ್ದು ಆಗಲೇ. ಮೊದಲ ಪ್ರಯತ್ನ ನಿಲ್ಲಲಿಲ್ಲ, ಎರಡನೆಯದು ನಿಂತಿತು. ಕಾರಿನಲ್ಲಿ ಮನೆಗೆ ಬರುತ್ತಾ ಇಬ್ಬರೂ, ಇದನ್ನು ಯಾರಿಗೂ ಹೇಳುವುದು ಬೇಡವೆಂದು ಆಣೆ ಮಾಡಿಕೊಂಡರು. "ಮಗೂಗೆ?" ಎಂದು ರೋರಿ ಕೇಳಿದ. "ನೋಡೋಣ" ಎಂದು ಇಶ್‌ಬೆಲ್ ಕಿಟಕಿಯ ಕಡೆ ತಿರುಗಿದಳು.

ಈಗ ಮನೆ ತುಂಬ ಜನ. ಟೀಸಿ ಅತ್ತೆ ಕನ್ನಡಕ ಏರಿಸಿದಳು.

"ಕಿವಿ ನನ್ನಣ್ಣಂದು. ಜೋರು ಗಾಳಿ ಬಂದ್ರೆ ಹಾರಿಹೋಗ್ತಾಳೆ, ಕಟ್ಟಿಹಾಕ್ರೋ!" ಎಲ್ಲರೂ ಹೋ ಎಂದು ನಕ್ಕರು. "ಹಣೆ ಉಪ್ಪು ಡಂಕನ್ ಕಡೇದು. ಅದರೊಳಗೆ ಏನಾದ್ರೂ ಇರಲಿ ಅಂತ ದೇವರನ್ನ ಬೇಡ್ಕೊಳ್ಳೋಣ."

ಅಲ್ಲಿಗೆ ತಂದೆಯ ಕಡೆ ಮುಗಿದಿತ್ತು. ಇಶ್‌ಬೆಲ್ ಕೆಟಲ್ ಹಿಡಿದು ನಿಂತೇ ಇದ್ದಳು. ತಾಯಿಯದು ಏನೂ ಇಲ್ಲ ಎಂದು ಈ ಬಾಯಿ ಹೇಳಿದರೆ ಮುಗಿಯಿತು, ತಾನು ಸಾಯುವ ತನಕ ಯಾರದೋ ಮಗುವನ್ನು ಹೊತ್ತವಳು. ಟೀಸಿ ಅತ್ತೆ ಕೂಸನ್ನು ನೋಡಿದಳು, ಕನ್ನಡಕದ ಮೇಲಿಂದ ಇಶ್‌ಬೆಲ್‌ಳನ್ನು ನೋಡಿದಳು.

"ಎಡಗೆನ್ನೆ ಗುಳಿ ನೋಡ್ರೋ! ಇಶ್‌ಬೆಲ್ ಅಜ್ಜಿ ಗಿರಣಿ ಪೆಗ್ಗಿದು. ಅಚ್ಚು ಒತ್ತಿದ ಹಾಗಿದೆ."

"ಪೆಗ್ಗಿನೇ ಬಂದ ಹಾಗಾಯ್ತು" ಎಂದು ಎರಡು ಟೋಪಿ ಡಂಕನ್ ಕಣ್ಣೊರೆಸಿಕೊಂಡ.

ಬದುಕಿದೆಯಾ ಬಡಜೀವವೇ ಎಂದುಕೊಂಡಳು ಇಶ್‌ಬೆಲ್. ಆ ನೆಮ್ಮದಿ ಒಂದು ಲೋಟ ಚಹಾ ಬಗ್ಗಿಸುವಷ್ಟು ಹೊತ್ತು ಇತ್ತು. ಆಮೇಲೆ ನೆನಪಾಯಿತು. ಅಜ್ಜಿಯದು ಹುಟ್ಟುಗುಳಿಯೇ ಅಲ್ಲ. ಇಪ್ಪತ್ತೈದರ ಹರೆಯದಲ್ಲಿ ಹಾಲು ಕರೆಯುವಾಗ ಹಸು ಒದ್ದು ಆದ ಗುಳಿ. ಆ ಹಸುವಿನ ಹಗ್ಗ ಹಿಡಿದಿದ್ದವಳು ಆಗ ಹತ್ತು ವರ್ಷದ ಹುಡುಗಿ, ಪಕ್ಕದ ಮನೆಯ ಟೀಸಿ.

ಅವಳು ಮುದುಕಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಅತ್ತೇ, ಅದು ಹಸು ಒದ್ದ ಗುಳಿ."

"ನನಗೆ ಹೇಳ್ತೀಯೇನೇ? ಹಗ್ಗ ಬಿಟ್ಟವಳೇ ನಾನು."

"ಮತ್ತೆ ಯಾಕೆ..."

"ಏಳು ವಾರದ ಮುಖದಲ್ಲಿ ಏನಿರುತ್ತೆ ಮಣ್ಣು? ಎಲ್ಲಾ ಬೆಂದ ಆಲೂಗಡ್ಡೆ ಥರಾನೇ. ನಾನು ಕೂಸನ್ನ ನೋಡಲ್ಲ, ಸುತ್ತ ನಿಂತವರನ್ನ ನೋಡ್ತೀನಿ. ಯಾರ ಮುಖ ಬಿಳುಚಿಕೊಂಡಿದೆಯೋ ಅವರಿಗೊಂದು ಮೂಗು ಕೊಟ್ಟುಬಿಡ್ತೀನಿ. ಈ ಊರಿನ ಅರ್ಧ ಮೂಗು ನಾನು ಹಂಚಿದ್ದು. ನಿನ್ನ ಗಂಡನ ಗದ್ದ ತಗೋ... ಬೇಡ ಬಿಡು, ಚಹಾ ಆರುತ್ತೆ."

ಇಶ್‌ಬೆಲ್‌ಗೆ ನಗು ಬಂತು, ನಗುತ್ತಲೇ ಅಳು ಬಂತು. ಎಲ್ಲವನ್ನೂ ಹೇಳಿಬಿಟ್ಟಳು. ಮುದುಕಿ ಕೈಯಲ್ಲಿದ್ದ ಓಟ್‌ಕೇಕನ್ನು ಪೂರ್ತಿ ತಿಂದು ಮುಗಿಸಿ ಕೇಳಿದ್ದು ಒಂದೇ ಮಾತು.

"ಅವಳಪ್ಪ ಯಾರು?"

"ಅಯ್ಯೋ ಅತ್ತೇ! ಅವಳ ಹೆಸರೇ ನಮಗೆ ಗೊತ್ತಿಲ್ಲ. ಮೋರಾಗ್‌ಗೆ ಹದಿನೆಂಟಾದ್ಮೇಲೆ ಬೇಕಾದ್ರೆ ಕೇಳಬಹುದು."

"ಆಗ ನನಗೆ ನೂರೆರಡು. ಕಾದರಾಯ್ತು." ಆಕೆ ತುಟಿ ಒರೆಸಿಕೊಂಡಳು. "ಅಂದ್ರೆ ಆ ಗುಳಿ ಅವಳದೇ ಇದ್ದೀತು. ಪುಣ್ಯಾತಗಿತ್ತಿ ಗುಳೀನ ನಾನು ಹಸುವಿಗೆ ಕೊಟ್ಟುಬಿಟ್ಟೆನಲ್ಲೇ!"

ಮುದುಕಿ ಇಶ್‌ಬೆಲ್‌ಳ ಮೊಣಕೈ ಹಿಡಿದಳು.

"ಒಂದು ಮಾತು ಕೇಳು. ನಾನು ಕೊಟ್ಟ ಮೂಗು ನಂಬಿ ದೊಡ್ಡವರು ನೆಮ್ಮದಿಯಾಗಿದ್ದಾರೆ. ಆದ್ರೆ ಆ ಮಕ್ಕಳು ಬೆಳೀತಾರಲ್ಲ. ಗಡ್ಡ ಬಂದವರು ನನ್ನ ಬಾಗಿಲಿಗೆ ಬಂದು, 'ಅತ್ತೆ, ನಿಜ ಹೇಳು' ಅಂತಾರೆ. ಆಗ ನನ್ನ ಬಾಯಿ ಕಟ್ಟಿಹೋಗುತ್ತೆ ಕಣೇ. ನಿನ್ನ ಮಗಳನ್ನ ನನ್ನ ಗೋರಿ ಹತ್ರ ಕೇಳೋಕೆ ಕಳಿಸಬೇಡ."

ಅತಿಥಿಗಳು ಹೋದ ಮೇಲೆ ಇಶ್‌ಬೆಲ್ ಕೂಸಿನ ಬಟ್ಟೆ ಬದಲಿಸುತ್ತಾ, ತೊದಲುತ್ತಾ, ಅದಕ್ಕೆ ಮೊದಲ ಸಲ ಎಲ್ಲವನ್ನೂ ಹೇಳಿದಳು. ರೋರಿ ಪಕ್ಕದಲ್ಲಿ ನಿಂತು ತೊಂಬತ್ತಾರರ ಅಜ್ಜಿಯನ್ನು ಸೇರಿಸಿದ. ಮೋರಾಗ್ ಅಪ್ಪನ ಅಂಗಿಯ ಮೇಲೆ ಹಾಲು ಕಕ್ಕಿತು.

ನಾಲ್ಕು ವರ್ಷ ಕಳೆದು ಒಂದು ಶನಿವಾರ, ಸಹಕಾರಿ ಅಂಗಡಿಯ ಸಾಲಿನಲ್ಲಿ ಎರಡು ಟೋಪಿ ಡಂಕನ್ ಬಗ್ಗಿದ. ಗೊತ್ತಿದ್ದೂ ಕೇಳುವುದು ಅವನಿಗೆ ಚಟ.

"ಏನಮ್ಮಾ, ನಿಮ್ಮಪ್ಪ ಯಾರು?"

"ಅಪ್ಪ ರೋರಿ. ಅಮ್ಮ ಬಸ್ ಇಶ್‌ಬೆಲ್" ಎಂದಳು ಮೋರಾಗ್. "ಅಮ್ಮನ ಅಂಡಾಣು ಮುಗಿದುಹೋಗಿತ್ತು. ಮಿನೆಸೋಟಾದ ಟ್ರಂಬೋನ್ ಆಂಟಿ ಒಂದು ಕೊಟ್ಟಳು. ಆಮೇಲೆ ಅಮ್ಮ ನನ್ನನ್ನ ಹೊಟ್ಟೇಲಿ ಇಟ್ಕೊಂಡು ಬಸ್ ಓಡಿಸಿದ್ಲು."

ಸಾಲಿಗೆ ಸಾಲೇ ತಿರುಗಿ ನೋಡಿತು. ಇಶ್‌ಬೆಲ್ ಕೈಯಲ್ಲಿದ್ದ ಹಾಲಿನ ಡಬ್ಬಿಯನ್ನು ಅವುಚಿ ಹಿಡಿದಳು. ಡಂಕನ್ ಒಂದು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಆ ಆಂಟಿ ಅಪ್ಪ ಯಾರು?"

"ದೊಡ್ಡವಳಾದ್ಮೇಲೆ ನಾನೇ ಕೇಳ್ತೀನಿ."

"ಹಾಂ, ಕೇಳು. ಕೇಳಿ ನನಗೂ ಹೇಳು." ಅವನು ಅವಳ ಎಡಗೆನ್ನೆ ಮುಟ್ಟಿದ. "ಆದ್ರೂ ಈ ಗುಳಿ ಮಾತ್ರ ನಿಮ್ಮಮ್ಮನ ಕಡೇದು. ಟೀಸಿನೇ ಹೇಳಿದಾಳೆ."

ಮೋರಾಗ್ ಅಮ್ಮನ ಮುಖ ನೋಡಿ, ಪಾಪ ಈ ತಾತನಿಗೆ ಏನೂ ಗೊತ್ತಿಲ್ಲ ಎಂಬಂತೆ ನಿಟ್ಟುಸಿರು ಬಿಟ್ಟಳು.

"ಅಲ್ಲ ತಾತ, ಅದು ಹಸೂದು."

ಇಶ್‌ಬೆಲ್‌ಗೆ ನಗು ತಡೆಯಲಾಗಲಿಲ್ಲ. "ಬಾರೇ ನನ್ನ ಮಗಳೇ" ಎಂದು ಅವಳ ಕೈ ಹಿಡಿದು, ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದಳು.