ಇಂದುವಿನ ಕೈ ಕಾಣುವ ಪರದೆ

ಕಂಪ್ಯೂಟರ್ ರಿಪೇರಿಯ ಲಕ್ಕಣ್ಣ ಹಳೆಯ ಪರದೆ ನೋಡುತ್ತ ಮೌಸನ್ನು ಸರ್ರನೆ ಎಳೆದ. ಬಾಣದ ಗುರುತಿನ ಹಿಂದೆ ಮಸುಕು ಬಾಲವೊಂದು ಓಡಿತು.

“ನೆಟ್ ಚೆನ್ನಾಗೇ ಇದೆ ಆಂಟಿ, ಸ್ಕ್ರೀನಿನ ಪ್ಯಾನಲ್ಲೇ ನಿಧಾನ. ಹಿಂದಿನ್ ಚಿತ್ರ ಅಳಿಸೋಷ್ಟ್ರಲ್ಲಿ ಮುಂದಿನ್ದು ಬಂದಿರತ್ತೆ. ನಿಂತಿದ್ರೆ ಏನೂ ಗೊತ್ತಾಗಲ್ಲ, ಜೋರಾಗಿ ಆಡಿದ್ರೇನೇ ಕಲಸ್ಕೊಳ್ಳೋದು.”

“ನನ್ ಮಗಳು ಮಾತಾಡೋದೇ ಕೈಯಲ್ಲಿ ಕಣಪ್ಪ,” ಎಂದಳು ಸರಳಾ.

ಆರ್.ಟಿ. ನಗರದ ತನ್ನ ಅಂಗಡಿಯಿಂದ ತಂದಿದ್ದ ಹೊಸ ಪರದೆಯನ್ನು ಜೋಡಿಸಿಕೊಟ್ಟು ಅವನು ಹೊರಟ.

ಇಂದುವಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಅವಳಿಗೋಸ್ಕರವೇ ಸರಳಾ ಸನ್ನೆ ಭಾಷೆ ಕಲಿತಿದ್ದಳು. ಅಳಿಯ ಅಶ್ವತ್ಥನದೂ ಅದೇ ಭಾಷೆ. ಸರಳಾ ಇರುವ ಕೆಂಪಾಪುರದಿಂದ ಅವರಿರುವ ತಣಿಸಂದ್ರವೇನು ಕಾಶಿಯಷ್ಟು ದೂರವೇ? ಆದರೂ ಆರು ತಿಂಗಳಿಂದ ಮಗಳು ಪೇಂಟಿಂಗು, ನೆಂಟರು ಎಂದು ಒಂದಲ್ಲ ಒಂದು ನೆಪ ಹೇಳಿ ಅಮ್ಮ ಬರದಂತೆ ತಡೆಯುತ್ತಿದ್ದಳು. ಸಂಜೆಯ ವಿಡಿಯೋ ಕಾಲ್ ಒಂದೇ ಗತಿ. ನಡುನಡುವೆ ಗಂಡಹೆಂಡಿರು ಪಕ್ಕಕ್ಕೆ ತಿರುಗಿ ಸರಸರ ಕೈಯಾಡಿಸುವರು. ಸರಳಾಗೆ ಅದೆಲ್ಲ ಬರೀ ಹೊಗೆಯಂತೆ ಕಾಣುತ್ತಿತ್ತು, ಹಾಗೆಂದು ಮಗಳಿಗೂ ಹೇಳಿದ್ದಳು. ಏನೋ ಸರಸವಿರಬೇಕು ಎಂದುಕೊಂಡು ಸರಳಾ ನಗುವಳು.

ಇವತ್ತೂ ಮಗಳು ಅಮ್ಮನಿಗೆಂದು ನಿಧಾನವಾಗಿ ಕೈಯಾಡಿಸಿದಳು. “ಚೆನ್ನಾಗಿದೀನಿ. ಕಾಫಿ ಆಯ್ತಾ?” ಒಂದೊಂದು ಬೆರಳೂ ಕಾಣಿಸಿತು. ಸರಳಾಗೆ ಹಿಡಿಸಲಾರದಷ್ಟು ಖುಷಿ. ಹೊಸ ಪರದೆಯ ವಿಷಯ ಹೇಳಬೇಕೆನ್ನುವಷ್ಟರಲ್ಲಿ ಅಶ್ವತ್ಥ್ ಬಂದ. ಅವನ ಕೈಗಳು ಬಿರುಸಾಗಿ ಆಡಿದವು.

“ಸಾಕು, ಕಾಲ್ ಕಟ್ ಮಾಡು. ನಿನ್ನೆ ತಿಂದಿದ್ದು ಸಾಲಲಿಲ್ವಾ?”

ಇಂದುವಿನ ಕೈಗಳೂ ಅಷ್ಟೇ ಬೇಗ ಆಡಿದವು. “ಅಮ್ಮ ನೋಡ್ತಿದಾಳೆ. ಆಮೇಲೆ ಹೊಡಿ.”

“ಅವಳಿಗೇನ್ ಕಾಣತ್ತೆ? ಹೊಗೆ ಥರ ಕಾಣ್ತೀವಿ ಅಂತ ನೀನೇ ಹೇಳಿದ್ಯಲ್ಲ.”

ಅವನು ಒಳಗೆ ಹೋದ. ಇಷ್ಟು ದಿನ ಸರಳಾ ಇದನ್ನು ನೋಡಿಕೊಂಡೇ ನಕ್ಕಿದ್ದಳಲ್ಲ, ಮಗಳ ಕಣ್ಣೆದುರಿಗೇ ನಕ್ಕಿದ್ದಳಲ್ಲ!

ಇಂದು ಇತ್ತ ತಿರುಗಿ ನಗು ತಂದುಕೊಂಡಳು. “ಯಾಕಮ್ಮ, ಏನಾಯ್ತು?”

ಸರಳಾ ಕೈಯೆತ್ತಿದಳು. “ಹೊಸ ಸ್ಕ್ರೀನ್ ತಗೊಂಡೆ. ಎಲ್ಲಾ ಕಾಣತ್ತೆ ಕಂದಾ.”

ಇಂದುವಿನ ಕೈಗಳು ಮೆಲ್ಲಗೆ ಇಳಿದು ಮಡಿಲಲ್ಲಿ ಕುಳಿತವು. ಎಡಗೈ ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಕಪ್ಪು ಗುರುತಿತ್ತು. ಹಳೆಯ ಪರದೆಯಲ್ಲೂ ಅದು ಕಾಣುತ್ತಿತ್ತೇನೋ. ಆದರೆ ಈ ಆರು ತಿಂಗಳಲ್ಲಿ ಮಗಳು ಒಮ್ಮೆಯೂ ಕೈಯನ್ನು ಸುಮ್ಮನೆ ಇಟ್ಟಿರಲಿಲ್ಲ.