ಟ್ಯಾಂಕಿನೊಳಗೆ ಕಂಡದ್ದು

ಲಂಡನ್ನಿನ ಇಲ್ಫರ್ಡಿನ ಆ ಒಂಬತ್ತು ಮಹಡಿಯ ಕಟ್ಟಡದ ತುದಿಗೆ ಹತ್ತಿ, ನೀರಿನ ಟ್ಯಾಂಕಿನ ಮುಚ್ಚಳ ಎತ್ತಿದ ಕೂಡಲೇ ಸಿರಿಶಾಳ ಮೂಗಿಗೆ ವಾಸನೆ ಬಡಿಯಿತು. ವಾರಗಟ್ಟಲೆ ಬದಲಿಸದ ಹೂದಾನಿಯ ನೀರಿನ ವಾಸನೆ. ಸೆಪ್ಟೆಂಬರಿನ ಮೊದಲ ವಾರ. ಆ ವರ್ಷದ ಬೇಸಿಗೆ ಲಂಡನ್ನನ್ನು ಬೇಯಿಸಿ ಹಾಕಿತ್ತು, ತಗಡಿನ ಚಾವಣಿಯ ಕೆಳಗಿನ ಟ್ಯಾಂಕಿನ ಕೋಣೆ ಇನ್ನೂ ಕಾವು ಬಿಟ್ಟಿರಲಿಲ್ಲ.

ಅವಳು ಪೆಟ್ಟಿಗೆಯಿಂದ ರೋಬಾಟನ್ನು ತೆಗೆದು, ಕೇಬಲ್ ಸಿಕ್ಕಿಸಿ, ಮೆಲ್ಲಗೆ ನೀರಿಗೆ ಬಿಟ್ಟಳು. ಚಪ್ಪಲಿ ಡಬ್ಬಿಯಷ್ಟು ದೊಡ್ಡದು, ಹಳದಿ ಬಣ್ಣದ್ದು, ಮುಂದೆ ಎರಡು ದೀಪ, ನಡುವೆ ಕ್ಯಾಮೆರಾ. ಮೊದಲೆಲ್ಲ ಟ್ಯಾಂಕ್ ನೋಡಬೇಕೆಂದರೆ ಇಡೀ ದಿನ ಮನೆಗಳ ನೀರು ನಿಲ್ಲಿಸಿ, ಖಾಲಿ ಮಾಡಿ, ಆಳುಗಳನ್ನು ಇಳಿಸಬೇಕಿತ್ತು. ಈಗ ಅವಳೊಬ್ಬಳೇ ಮೇಲೆ ಕೂತು ಪರದೆ ನೋಡುತ್ತ ಮುಗಿಸಿಬಿಡುತ್ತಿದ್ದಳು. ದಾವಣಗೆರೆಯ ಹುಡುಗಿ, ಇಲ್ಲಿಯೇ ಓದಿ, ಇಲ್ಲಿಯೇ ಈ ಕೆಲಸ ಹಿಡಿದು ನಾಲ್ಕು ವರ್ಷ. ಮುನ್ನೂರಕ್ಕೂ ಹೆಚ್ಚು ಟ್ಯಾಂಕುಗಳ ಹೊಟ್ಟೆಯನ್ನು ನೋಡಿದ್ದಳು. ಇಂಥದನ್ನು ನೋಡಿರಲಿಲ್ಲ.

ತಳದಲ್ಲಿ ಬೆರಳುದ್ದ ಕಂದು ಕೆಸರು. ರೋಬಾಟಿನ ರೆಕ್ಕೆ ತಿರುಗಿದ್ದೇ ತಡ, ಅದು ಎದ್ದು ಪರದೆಯೆಲ್ಲ ಕುರುಡಾಯಿತು. ತಿಳಿಯಾಗಲಿ ಎಂದು ಕಾದು ಮತ್ತೆ ನಡೆಸಿದಳು. ಗೋಡೆಗೆ ತಣಿದ ಗಂಜಿಯ ಮೇಲಿನ ಕೆನೆಯಂಥ ಲೋಳೆ. ಗಾಳಿಕಿಂಡಿಯ ಬಲೆ ಹರಿದಿತ್ತು. ಅದರ ಕೆಳಗಿನ ಮೂಲೆಯಲ್ಲಿ ಪಾರಿವಾಳವೊಂದರ ರೆಕ್ಕೆ, ಎಲುಬು. ನೀರು ಇಪ್ಪತ್ತಾರು ಡಿಗ್ರಿ ಇತ್ತು. ಇಪ್ಪತ್ತು ದಾಟಿದರೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಹೆಚ್ಚುತ್ತದೆ. ಷವರಿನ ತುಂತುರಿನೊಡನೆ ಉಸಿರಿಗೆ ಹೋದರೆ ಅದು ಶ್ವಾಸಕೋಶವನ್ನು ಹಿಡಿಯುತ್ತದೆ, ವಯಸ್ಸಾದವರನ್ನು ಸುಲಭವಾಗಿ ಬಿಡುವುದಿಲ್ಲ. ಆ ಕಟ್ಟಡದ ಅಡುಗೆಮನೆಗಳಿಗೆ ಬೀದಿಯ ಕೊಳವೆಯಿಂದ ನೇರ ನೀರು, ಬಚ್ಚಲುಗಳಿಗೆ ಮಾತ್ರ ಈ ಟ್ಯಾಂಕಿನದು.

'ತಕ್ಷಣ ಬಳಕೆ ನಿಲ್ಲಿಸಬೇಕು' ಎಂದು ವರದಿಯಲ್ಲಿ ಬರೆದು, ಸಾಮಾನು ಕಟ್ಟಿಕೊಂಡು ಇಳಿದಳು. ಲಿಫ್ಟಿನಲ್ಲಿ ಅಮ್ಮನ ಫೋನು ಬಂತು. ಆರನೇ ಮಹಡಿಯಲ್ಲಿ ಹತ್ತಿದ ಮುದುಕರೊಬ್ಬರು ಅವಳ ಮಾತು ಕೇಳಿ ಮುಖ ಅರಳಿಸಿದರು.

"ಏನವಾ, ಕನ್ನಡದಾಕಿ ಏನು ನೀನು?"

"ಹೌದು ಅಂಕಲ್, ದಾವಣಗೆರೆ."

"ನಡಿ ಮತ್ತ, ಚಾ ಕುಡಿದು ಹೋಗುವಂತಿ. ಹಂಗ ಬಿಡಾಕ ಬರಂಗಿಲ್ಲ."

ಪೇಪರು ತರಲು ಹೊರಟಿದ್ದವರು ಅದನ್ನು ಮರೆತು ಅವಳನ್ನು ಮನೆಗೆ ಕರೆದೊಯ್ದರು. ಧಾರವಾಡದ ಕಡೆಯ ನಿಜಲಿಂಗಪ್ಪ, ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಹೆಂಡತಿ ಬಸಲಿಂಗವ್ವ. ಮಕ್ಕಳಿಲ್ಲ. ಬಸಲಿಂಗವ್ವ ಅವಲಕ್ಕಿ ಚೂಡಾ ತಂದಿಟ್ಟು, ಸಿರಿಶಾಳ ಕೆನ್ನೆ ಸವರಿ, ಎದುರಿಗೇ ಕೂತರು.

"ಮ್ಯಾಲಿನ ಟ್ಯಾಂಕ್ ನೋಡಾಕ ಬಂದಿದ್ದಿ ಹೌದಿಲ್ಲೋ?" ಎಂದರು ನಿಜಲಿಂಗಪ್ಪ. "ಟೆಂಪರೇಚರ್ ಎಷ್ಟಿತ್ತು?"

ಲ್ಯಾಬಿನ ಮನುಷ್ಯ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಕಟ್ಟಡ ನೋಡಿಕೊಳ್ಳುವ ಸಂಸ್ಥೆಗಲ್ಲದೆ ನಿವಾಸಿಗಳಿಗೆ ಒಂದಕ್ಷರವನ್ನೂ ಹೇಳಬಾರದೆಂದು ಅವಳು ಕೆಲಸಕ್ಕೆ ಸೇರುವಾಗ ಬರೆದುಕೊಟ್ಟಿದ್ದಳು.

"ರಿಪೋರ್ಟಲ್ಲಿ ಎಲ್ಲಾ ಬರುತ್ತೆ ಅಂಕಲ್. ಸರಿ ಮಾಡ್ತಾರೆ."

ನಿಜಲಿಂಗಪ್ಪ ಚೂಡಾದ ತಟ್ಟೆಯನ್ನು ಅವಳ ಹತ್ತಿರ ಸರಿಸಿದರು. "ಹೇಳಬಾರದು ಅಂತ ರೂಲ್ ಇರಬೇಕು. ಇರಲಿ ಬಿಡವಾ, ನಿನ್ನ ಕೆಲಸಕ್ಕ ತೊಂದ್ರಿ ಬ್ಯಾಡ."

"ಇವರದೊಂದು," ಎಂದು ಬಸಲಿಂಗವ್ವ ನಕ್ಕರು. "ಬೆನ್ನು ನೋವಿಗೆ ಚಲೋ ಅಂತ ದಿನಾ ಅರ್ಧ ತಾಸು ಷವರ್ ಕೆಳಗ ನಿಂದರ್ತಾರ. ನೀರೆಲ್ಲಾ ಇವರೇ ಖಾಲಿ ಮಾಡೋದು."

ಸಿರಿಶಾ ಉಳಿದ ಚಹಾ ಕುಡಿದು ಮುಗಿಸಿದಳು. ಹೇಗೂ 'ತಕ್ಷಣ' ಎಂದು ಬರೆದಿದ್ದೇನೆ, ನಾಳೆಯೇ ನಿಲ್ಲಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ತನ್ನ ಫೋನ್ ನಂಬರು ಕೊಟ್ಟು, ಅವರದನ್ನೂ ಬರೆದುಕೊಂಡು ಎದ್ದು ಬಂದಳು.

ಆಫೀಸಿನಲ್ಲಿ ಕಶ್ಯಪ್ ವರದಿ ಓದಿದ. ಕಂಪನಿ ಅವನದು. ಮೈಸೂರಿನ ಡಾಕ್ಟರ ಮಗ, ಲಂಡನ್ನಿನದೇ ಕಿಂಗ್ಸ್‌ಬರಿಯಲ್ಲಿ ಹುಟ್ಟಿ ಬೆಳೆದವನು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೆಟ್ಟವನೇನಲ್ಲ. ಅವಳಿಗೆ ಜ್ವರ ಬಂದಾಗ ತನ್ನ ತಾಯಿಯ ಕೈಯ ಸಾರನ್ನು ತಾನೇ ತಂದುಕೊಟ್ಟಿದ್ದ. ಆ ಕಟ್ಟಡ ನೋಡಿಕೊಳ್ಳುವ ಸಂಸ್ಥೆಯ ಕೈಯಲ್ಲಿ ನಲವತ್ತು ಕಟ್ಟಡಗಳಿವೆ, ಹೀಗೆ ಗಾಬರಿ ಹುಟ್ಟಿಸಿದರೆ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ ಎಂದ. 'ತಕ್ಷಣ' ಎಂಬುದನ್ನು 'ಮೂರು ತಿಂಗಳೊಳಗೆ' ಎಂದು ತಿದ್ದಿ, ಸಹಿ ಹಾಕು ಎಂದು ಅವಳಿಗೇ ಕಳಿಸಿದ.

"ಕಶ್ಯಪ್, ಅಲ್ಲಿ ವಯಸ್ಸಾದವರಿದ್ದಾರೆ."

ಎಲ್ಲ ಕಡೆಯೂ ಇರುತ್ತಾರೆ ಎಂದ ಅವನು, ಪರದೆಯಿಂದ ಕಣ್ಣೆತ್ತದೆ.

ಅವಳ ವೀಸಾ ಆ ಕಂಪನಿಯ ಹೆಸರಿನ ಮೇಲೆ ನಿಂತಿತ್ತು. ಇನ್ನು ಹದಿನಾಲ್ಕು ತಿಂಗಳು ಕಳೆದರೆ ಈ ದೇಶದಲ್ಲಿ ಯಾರ ಹಂಗೂ ಇಲ್ಲದೆ ಇರಬಹುದಿತ್ತು. ಊಟದ ಹೊತ್ತಿನವರೆಗೆ ಆ ವರದಿಯನ್ನು ತೆರೆಯಲಿಲ್ಲ. ಆಮೇಲೆ ಸಹಿ ಹಾಕಿದಳು. ಆರನೇ ಮಹಡಿಗೆ ಫೋನ್ ಮಾಡಬೇಕೆಂದು ಆ ವಾರ ಎರಡು ಸಲ ನಂಬರು ತೆಗೆದಳು. ಏನೆಂದು ಹೇಳುವುದು? ಸಹಿ ಹಾಕಿದ ಮೇಲೆ ಹೇಳಿದರೆ ಸಹಿ ಸುಳ್ಳಾಗುತ್ತದೆ.

ತಿಂಗಳ ಕೊನೆಗೆ ಕಶ್ಯಪ್ ಅವಳನ್ನು ಮತ್ತೆ ಅದೇ ಕಟ್ಟಡಕ್ಕೆ ಕಳಿಸಿದ. ಟ್ಯಾಂಕನ್ನು ಹಿಂದಿನ ದಿನವೇ ತುರ್ತಾಗಿ ತೊಳೆಸಿದ್ದರಂತೆ. ತೊಳೆದ ಮೇಲಿನ ವಿಡಿಯೊ ಬೇಕಿತ್ತು. ರೋಬಾಟು ಇಳಿಯಿತು. ಗೋಡೆಗಳು ಹಾಲಿನಷ್ಟು ಬಿಳಿ, ಹೊಸ ಬಲೆ, ನೀರಿನಲ್ಲಿ ಕ್ಲೋರಿನ್ ವಾಸನೆ. ಇಷ್ಟು ಅವಸರ ಏಕೆಂದು, ಬೀಗ ತೆಗೆಯಲು ಜೊತೆಗೆ ಮೇಲೆ ಬಂದಿದ್ದ ಕಾವಲಿನವನನ್ನು ಕೇಳಿದಳು. ಆರನೇ ಮಹಡಿಯ ಇಂಡಿಯನ್ ಮುದುಕರಿಗೆ ನ್ಯುಮೋನಿಯಾ, ಆಸ್ಪತ್ರೆಯಿಂದ ನೀರಿನ ಬಗ್ಗೆ ಫೋನ್ ಬಂದಿತ್ತು ಎಂದ. ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಬಾಗಿಲು ಹಾಕಿತ್ತು.

ನಾಲ್ಕನೇ ದಿನ ನಿಜಲಿಂಗಪ್ಪ ತೀರಿಕೊಂಡರು. ಬಸಲಿಂಗವ್ವನೇ ಫೋನ್ ಮಾಡಿ ಹೇಳಿದರು. ಫೋನ್ ಪುಸ್ತಕದಲ್ಲಿದ್ದ ಕನ್ನಡದವರಿಗೆಲ್ಲ ಮಾಡುತ್ತಿದ್ದರು, ಅದರಲ್ಲಿ ಇವಳೂ ಒಬ್ಬಳು.

ಹನ್ನೊಂದನೇ ದಿನಕ್ಕೆ ಸಿರಿಶಾ ಹೋದಳು. ಬಸಲಿಂಗವ್ವ ಗಂಡನ ಸ್ವೆಟರುಗಳನ್ನು ಮಡಚುತ್ತಿದ್ದರು. ಇವಳು ನೆಲದ ಮೇಲೆ ಕೂತು, ಕೆಸರು, ಪಾರಿವಾಳ, ಇಪ್ಪತ್ತಾರು ಡಿಗ್ರಿ, ತಿದ್ದಿದ ವರದಿ, ತನ್ನ ಸಹಿ, ಎಲ್ಲವನ್ನೂ ಹೇಳಿದಳು. ಮುದುಕಿಯ ಕೈ ನಿಂತಿತು.

"ಅವತ್ತ ಗೊತ್ತಿತ್ತೇನ್ ನಿನಗ?"

"ಗೊತ್ತಿತ್ತು ಆಂಟಿ."

"ಇಲ್ಲೇ ಕುಂತು ಚಾ ಕುಡಿದಿ."

"ಹೂಂ."

"ಬಕೆಟ್ನ್ಯಾಗ ಸ್ನಾನ ಮಾಡ್ರಿ ಅಂತ ಒಂದ್ ಮಾತು ಅಂದಿದ್ರ ಸಾಕಿತ್ತಲ್ಲವಾ. ಹುಟ್ಟಿದಾಗಿಂದ ಬಕೆಟ್ನ್ಯಾಗ ಮಾಡಿದವರು ನಾವು. ನಮಗೇನ್ ಕಷ್ಟ ಆಕ್ಕಿತ್ತು?"

ಸಿರಿಶಾಳಿಗೆ ಅಳು ಬರಲಿಲ್ಲ. ಆ ಮನೆಯಲ್ಲಿ ಅಳುವುದೂ ತನ್ನ ಪಾಲಿನದಲ್ಲ ಅನಿಸಿತು.

ಮರುದಿನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಮೊದಲ ವಿಡಿಯೊವನ್ನೂ ತನ್ನ ಮೂಲ ವರದಿಯನ್ನೂ ಸಾವಿನ ತನಿಖೆ ನಡೆಸುತ್ತಿದ್ದ ಸರಕಾರಿ ಅಧಿಕಾರಿಗೆ ಕೊಟ್ಟಳು. ಆಕೆ ಗಂಭೀರವಾಗಿ ಕೇಳಿಸಿಕೊಂಡು, "ಆದರೆ ಕೊನೆಯ ವರದಿಗೆ ಸಹಿ ನಿಮ್ಮದೇ ಇದೆಯಲ್ಲ?" ಎಂದರು. ಕಂಪನಿಯ ವಕೀಲರೂ ಅದನ್ನೇ ಬರೆದರು. ತೀರ್ಮಾನ ಸ್ಥಳದಲ್ಲಿದ್ದವಳದು, ವಿಡಿಯೊ ಹೊರಗೆ ಕೊಟ್ಟದ್ದು ಕರಾರಿನ ಉಲ್ಲಂಘನೆ. ನವೆಂಬರಿನಲ್ಲಿ ಕೆಲಸ ಹೋಯಿತು. ಕಶ್ಯಪ್ ಅವಳ ಫೋನ್ ಎತ್ತಲಿಲ್ಲ. ಡಿಸೆಂಬರಿನಲ್ಲಿ ವೀಸಾ ಕಚೇರಿಯ ಪತ್ರ ಬಂತು, ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಇಪ್ಪತ್ತೆರಡು ಕಂಪನಿಗಳಿಗೆ ಅರ್ಜಿ ಹಾಕಿದಳು. ಹಳೆಯ ಕೆಲಸ ಏಕೆ ಬಿಟ್ಟಿರಿ ಎಂಬ ಪ್ರಶ್ನೆ ದಾಟಿ ಯಾರೂ ಮುಂದೆ ಹೋಗಲಿಲ್ಲ.

ಫೆಬ್ರವರಿಯಲ್ಲಿ, ಅವಳು ಹೊರಡುವುದಕ್ಕೆ ಐದು ದಿನವಿದ್ದಾಗ, ಬಸಲಿಂಗವ್ವ ಕರೆದರು. ಇಷ್ಟು ವರ್ಷ ಸರಕಾರಿ ಪತ್ರಗಳನ್ನೆಲ್ಲ ಗಂಡನೇ ಓದುತ್ತಿದ್ದರು. ಈಗ ಒಂದು ಬಂದಿತ್ತು, ಓದುವವರಿರಲಿಲ್ಲ.

ನಾಲ್ಕು ಪುಟ. ಸಿರಿಶಾ ನಿಂತೇ ಓದಿದಳು. ರೋಗಿಯ ದೇಹದಲ್ಲಿ ರೋಗಾಣು ಕಂಡಿತ್ತು. ಟ್ಯಾಂಕಿನ ನೀರಿನ ಮಾದರಿ ತೆಗೆದದ್ದು ತೊಳೆದ ಮೇಲೆ, ಅದರಲ್ಲಿ ಏನೂ ಸಿಗಲಿಲ್ಲ. ವಿಡಿಯೊದಲ್ಲಿ ಕೊಳೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ. ಆದ್ದರಿಂದ ರೋಗ ಎಲ್ಲಿಂದ ತಗುಲಿತೆಂದು ಖಚಿತವಾಗಿ ಹೇಳಲಾಗದು. ತನಿಖೆ ಮುಗಿಸಲಾಗಿದೆ.

"ಏನ್ ಬರದಾರ?"

"ಎಲ್ಲಿಂದ ಬಂತೋ ಗೊತ್ತಾಗಲಿಲ್ಲ ಅಂತ ಬರ್ದಿದಾರೆ ಆಂಟಿ."

"ಯಾರಿಗೆ ಗೊತ್ತಾಗಲಿಲ್ಲ?"

ಬಸಲಿಂಗವ್ವ ಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿ ಟೀವಿಯ ಪಕ್ಕದಲ್ಲಿಟ್ಟರು.

"ಬೇರೆ ಎಲ್ಲಾದರೂ ಹೋಗ್ತೀರಾ ಆಂಟಿ? ಇಲ್ಲೇ ಇರ್ತೀರಾ?"

"ಎಲ್ಲಿ ಹೋಗ್ಲಿ? ಇದ ಮನಿ." ಎದ್ದು ಬಾಗಿಲು ತೆರೆದು ನಿಂತರು. "ಊರಿಗೆ ಹೊಂಟೀ ಅಂತ ಕೇಳಿದೆ."

"ಶನಿವಾರ."

ಸಿರಿಶಾ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಬಸಲಿಂಗವ್ವ ಪಾದ ಹಿಂದೆಳೆದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಹೋಗಿ ಬಾ ಅನ್ನಾಕ ನನ್ನ ಬಾಯಿ ಬರವಲ್ದವಾ. ಹೋಗು."

ಬಾಗಿಲು ಮುಚ್ಚಿತು. ಸಿರಿಶಾ ಲಿಫ್ಟಿನ ಗುಂಡಿ ಒತ್ತಿದಳು.