ಅಪ್ಪನ ಮುಖಕ್ಕೆ ಎಷ್ಟು ಬೆಳಕು

ಮಾರನೆಯ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಅಪ್ಪನ ಅರ್ಧ ದವಡೆ ತೆಗೆಯುವವರಿದ್ದರು. ಗಡ್ಡೆ ನಾಲಿಗೆಗೂ ಹಬ್ಬಿದೆ, ಮಾತು ಮರಳುವ ಖಾತ್ರಿಯಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅಪ್ಪ ಅಂದರೆ ಹೊಳಲ್ಕೆರೆಯ ಫೋಟೋ ಸ್ಟುಡಿಯೋ ರೇವಣಸಿದ್ದಪ್ಪ. ಊರಿನ ಅರ್ಧ ಮದುವೆಗಳ ಫೋಟೋ ತೆಗೆದ ಮನುಷ್ಯನಿಗೆ ತನ್ನದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಈಗ, ಚಿಕ್ಕಪ್ಪನ ಮಗ ಹಾಲೇಶ್ ಬಾಗಿಲಿಗೆ ಕಾರು ತಂದು ನಿಲ್ಲಿಸಿದ ಮೇಲೆ, ಬೇಕಂತೆ! ಈ ಮುಖ ಇರುವಾಗಲೇ, ತನ್ನ ಹಳೆಯ ರೀಲಿನ ಕ್ಯಾಮೆರಾದಲ್ಲೇ, ನನ್ನ ಕೈಯಿಂದಲೇ.

ಮೊಬೈಲಿನಲ್ಲಿ ಹೊಡಿಯೇ ತೇಜಸ್ವಿನಿ ಎಂದಳು ಅಮ್ಮ. ಅದು ಮುಖವನ್ನು ತಾನೇ ತಿದ್ದುತ್ತದೆ, ಬೇಡ ಎಂದರು ಅಪ್ಪ. ಹಟಕ್ಕೆ ಬಿದ್ದರೆ ಕಲ್ಲಾದರೂ ಕರಗೀತು, ಅವರು ಕರಗುವುದಿಲ್ಲ. ರೀಲಿನಲ್ಲಿ ಉಳಿದಿದ್ದು ಒಂದೇ ಫ್ರೇಮು. ಮಿಕ್ಕಿದ್ದನ್ನೆಲ್ಲ ರಾಮಗಿರಿ ಬೆಟ್ಟದ ಮೋಡಗಳಿಗೆ ಸುರಿದು ಬಂದಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಹೊಸ ರೀಲು ಬೆಂಗಳೂರಿನಿಂದಲೇ ಬರಬೇಕು.

ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಅಪ್ಪ ಕುಳಿತರು. ಬೆಳಕು ಎಷ್ಟು ಕೊಡಲಿ ಎಂದು ಅವರನ್ನೇ ಕೇಳಿದೆ, ಅಭ್ಯಾಸಬಲ.

"ನನ್ನ ಕೇಳಬ್ಯಾಡ. ಇವತ್ತು ಫೋಟೋಗ್ರಾಫರ್ ನೀನು," ಅಂದುಬಿಟ್ಟರು.

ಕ್ಯಾಮೆರಾವನ್ನು ಅಪ್ಪನ ಹಣೆಯ ಹತ್ತಿರ ಹಿಡಿದು ಬೆಳಕು ಅಳೆಯುವ ಮುಳ್ಳು ನೋಡಿದೆ. ಸೆಕೆಂಡಿನ ಅರವತ್ತನೇ ಒಂದು ಭಾಗ ಸಾಕೆಂದಿತು. ಹಿಂದೆ ಸರಿದು ಗುಂಡಿಯ ಮೇಲೆ ಬೆರಳಿಟ್ಟವಳು ತಟ್ಟನೆ ಬೆರಳು ತೆಗೆದೆ. ಹಣೆ ತುಂಬ ವಿಭೂತಿ! ಮಠದಿಂದ ತಂದದ್ದನ್ನು ಅಮ್ಮ ಆಗಷ್ಟೇ ಧಾರಾಳವಾಗಿ ಬಳಿದಿದ್ದಳು. ಮುಳ್ಳು ಅಳೆದದ್ದು ಆ ಬಿಳುಪನ್ನು, ಅಪ್ಪನ ಕಪ್ಪು ಮುಖವನ್ನಲ್ಲ. ಅದನ್ನು ನಂಬಿದ್ದರೆ ಮೂರು ಬಿಳಿ ಗೆರೆ ಬರುತ್ತಿದ್ದವು, ಕೆಳಗೆ ಬರೀ ಕತ್ತಲೆ.

ಒರೆಸಿಕೋ ಅಪ್ಪ ಅಂದೆ. ಅಮ್ಮ ಸಿಡಿದಳು.

"ಆಪರೇಷನ್ನಿಗೆ ಹೊಂಟೋರ ಹಣೆ ಬರಿದು ಮಾಡ್ತಿಯೇನೇ?"

ಕೆನ್ನೆಗೆ ಹಿಡಿಯೋಣವೆಂದರೆ ನೋವಿಗೆ ಬೋಳಿಸದೆ ಬಿಟ್ಟ ಬಿಳಿ ಗಡ್ಡ. ಮುಖದ ಬದಲು ನನ್ನ ಅಂಗೈ ಅಳೆಯೋಣವೆಂದರೆ, ಅಮ್ಮನಿಗೆ ಎತ್ತಿಕೊಟ್ಟಿದ್ದರಿಂದ ಅಲ್ಲೂ ವಿಭೂತಿ. ಬಚ್ಚಲಿಗೆ ಓಡಿ ಕೈ ತೊಳೆದು ವೇಲಿಗೆ ಒರೆಸಿಕೊಂಡೆ, ಅಪ್ಪನ ಮುಖದ ಪಕ್ಕ ಅಂಗೈ ಚಾಚಿ ಮತ್ತೆ ಮುಳ್ಳು ನೋಡಿದೆ. ಹದಿನೈದನೇ ಒಂದು ಭಾಗ. ಅಂದರೆ ಮೊದಲು ಅಂದುಕೊಂಡದ್ದಕ್ಕಿಂತ ನಾಲ್ಕು ಪಟ್ಟು ಹೊತ್ತು ಕ್ಯಾಮೆರಾ ಕಣ್ಣು ತೆರೆದಿರಬೇಕು. ಅಷ್ಟು ಹೊತ್ತು ನಾನೂ ಅಲ್ಲಾಡಬಾರದು, ಅವರೂ ಅಲ್ಲಾಡಬಾರದು. ಹೊರಗೆ ಹಾಲೇಶನದು ಹಾರ್ನ್ ಮೇಲೆ ಹಾರ್ನ್. ತಡವಾದರೆ ಆಸ್ಪತ್ರೆಯವರು ಇವತ್ತು ಸೇರಿಸಿಕೊಳ್ಳುವುದಿಲ್ಲ.

ಕಂಬಕ್ಕೆ ಭುಜ ಕೊಟ್ಟು ಉಸಿರು ಬಿಗಿಹಿಡಿದೆ. ಆದರೂ ಕೈ ನಡುಗುತ್ತಿತ್ತು. ಅಲ್ಲಾಡಬೇಡ ಅಪ್ಪ ಎಂದು ಬೇಡಿಕೊಂಡು ಒತ್ತಿದೆ. ಅದೇ ಗಳಿಗೆಗೆ ಅವರು ಬಾಯಿ ತೆರೆದರು.

"ಹೆದರಬ್ಯಾಡವ್ವ."

ಅಪ್ಪ ಅಂತಲೂ ನೋಡದೆ ರೇಗಿದೆ. ಜೀವಮಾನವೆಲ್ಲ ಗಿರಾಕಿಗಳಿಗೆ ಅಲ್ಲಾಡಬೇಡಿ ಎಂದು ಗದರಿದವನು, ಇದ್ದ ಒಂದನ್ನೂ ನೀರಿಗೆ ಹಾಕಿದೆಯಲ್ಲ ಅಂದೆ. ಅವರು ಎದ್ದು ಹೋಗಿ ಕಾರು ಹತ್ತಿದರು.

ಆಪರೇಷನ್ ಆಯಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಬೆಂಗಳೂರಿನಿಂದ ತೊಳೆದು ಬಂದ ಫೋಟೋ ಹಿಡಿದು ವಾರ್ಡಿಗೆ ಹೋದೆ. ಬೆಳಕು ಸರಿಯಾಗಿತ್ತು. ಹುಬ್ಬಿನ ಒಂದೊಂದು ಕೂದಲು, ಕಣ್ಣಿನ ಕೆಳಗಿನ ಸುಕ್ಕು, ವಿಭೂತಿ ಎಲ್ಲವೂ ಇತ್ತು. ಬಾಯಿ ಮಾತ್ರ ಮಸುಕು.

"ಬಾಯೇ ಬಂದಿಲ್ಲ ಅಪ್ಪ," ಎಂದು ಅತ್ತುಬಿಟ್ಟೆ.

ಬ್ಯಾಂಡೇಜಿನೊಳಗಿಂದ ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಆ ಮಸುಕಿನ ಮೇಲೆ ಬೆರಳಿಟ್ಟರು. ಆಮೇಲೆ ಅದೇ ಬೆರಳನ್ನು ನನ್ನ ಕಡೆ ತೋರಿಸಿದರು. ಆ ಮಸುಕು ಅವತ್ತು ನನಗೆ ಅಂದ "ಹೆದರಬ್ಯಾಡವ್ವ" ಆಗಿತ್ತು.